ಪುಕ್ಕಟೆ ಸಿನಿಮಾಕ್ಕೆ ಬರುವ ಬಿಲ್ಲು

ಜರ್ಮನಿಗೆ ಓದಲು ಹೊರಟವರಿಗೆ ಸೀನಿಯರ್‌ಗಳು ಹೇಳುವ ಬುದ್ಧಿಮಾತು ಬಹಳ ಇವೆ. ಪ್ರೆಶರ್ ಕುಕ್ಕರ್ ತಗೊಂಡು ಹೋಗು. ಉಪ್ಪಿನಕಾಯಿ ಡಬ್ಬಿಗೆ ಸರಿಯಾಗಿ ಟೇಪ್ ಸುತ್ತು. ಲ್ಯಾಪ್‌ಟಾಪ್‌ನಿಂದ ಪುಕ್ಕಟೆ ಸಿನಿಮಾ ಇಳಿಸುವ ಟೊರೆಂಟ್ ಆ್ಯಪ್ ತೆಗೆದುಹಾಕು. ಮೊದಲ ಎರಡನ್ನು ಎಲ್ಲರೂ ಪಾಲಿಸುತ್ತಾರೆ. ಮೂರನೆಯದಕ್ಕೆ ಹೂಂಗುಟ್ಟಿ ಮರೆತುಬಿಡುತ್ತಾರೆ.

ಆಮೇಲೆ ಅಲ್ಲಿಗೆ ಹೋಗಿ, ನಾಲ್ಕೈದು ಜನ ಹಂಚಿಕೊಂಡಿರುವ ಬಾಡಿಗೆ ಮನೆಯಲ್ಲಿ ಒಂದು ರೂಮು ಹಿಡಿದು, ವೈಫೈ ಪಾಸ್‌ವರ್ಡ್ ಕೇಳಿ ಲ್ಯಾಪ್‌ಟಾಪ್ ತೆರೆದ ಕೂಡಲೇ ಆ ಆ್ಯಪ್ ತಾನಾಗಿಯೇ ಎದ್ದು ಕೂರುತ್ತದೆ. ಬೆಂಗಳೂರಿನ ಪಿಜಿಯಲ್ಲಿದ್ದಾಗ ಇಳಿಸಿಕೊಂಡು, ಅರ್ಧ ನೋಡಿ, ಮರೆತೇ ಹೋಗಿದ್ದ ಯಾವುದೋ ಹಾಲಿವುಡ್ ಸಿನಿಮಾ ಅಲ್ಲಿಂದ ಲೋಕಕ್ಕೆಲ್ಲ ಹಂಚಿಕೆಯಾಗಲು ಶುರುವಾಗುತ್ತದೆ. ಕೆಲವು ವಾರ ಬಿಟ್ಟು ಮನೆಯ ಪೋಸ್ಟ್ ಡಬ್ಬಿಯಲ್ಲಿ ದಪ್ಪ ಲಕೋಟೆ ಬಿದ್ದಿರುತ್ತದೆ. ವಕೀಲರ ಕಚೇರಿಯದು. ಅದರ ಮೇಲೆ ನಿಮ್ಮ ಹೆಸರೂ ಇರುವುದಿಲ್ಲ, ಇಂಟರ್ನೆಟ್ ಯಾರ ಹೆಸರಿನಲ್ಲಿದೆಯೋ ಆ ಪಾಪದ ರೂಮ್‌ಮೇಟ್ ಹೆಸರಿರುತ್ತದೆ. ಒಳಗೆ ಸಿನಿಮಾದ ಹೆಸರು, ತಾರೀಕು, ಗಂಟೆ, ನಿಮಿಷ, ಸೆಕೆಂಡು. ಕೊನೆಯ ಪುಟದಲ್ಲಿ ಮೊತ್ತ. ಒಂದು ಸಿನಿಮಾಕ್ಕೆ ಸಾಮಾನ್ಯವಾಗಿ ಸಾವಿರ ಯೂರೋ ಆಸುಪಾಸು.

ಈ ಪತ್ರಕ್ಕೆ ಅಲ್ಲಿ ಅಬ್ಮಾನುಂಗ್ ಅನ್ನುತ್ತಾರೆ. ಎಚ್ಚರಿಕೆ ಪತ್ರ ಅಂದುಕೊಳ್ಳಿ, ಬಿಲ್ಲು ಲಗತ್ತಾಗಿರುವ ಎಚ್ಚರಿಕೆ ಪತ್ರ. 2023-24ರ ಚಳಿಗಾಲದ ಸೆಮಿಸ್ಟರ್‌ನಲ್ಲಿ ಜರ್ಮನಿಯಲ್ಲಿ ಓದುತ್ತಿದ್ದ ಭಾರತೀಯರು 49,483 ಮಂದಿ. ಅವರಲ್ಲಿ ನಮ್ಮ ಕಡೆಯವರೂ ಕಡಿಮೆಯೇನಿಲ್ಲ. ಅಮೆರಿಕದಲ್ಲಿರುವ ನಮ್ಮವರಿಗೂ ಇದೇ ತಾಪತ್ರಯ ಬೇರೆ ರೂಪದಲ್ಲಿ ಬರುತ್ತದೆ. ಪತ್ರ ಬಂದಾಗ ಜನ ಎರಡೇ ಕೆಲಸ ಮಾಡುತ್ತಾರೆ. ಹೆದರಿ ಕೂಡಲೇ ದುಡ್ಡು ಕಟ್ಟುತ್ತಾರೆ, ಇಲ್ಲಾ ಕಸದ ಬುಟ್ಟಿಗೆ ಹಾಕುತ್ತಾರೆ. ಎರಡೂ ತಪ್ಪು. ಯಾಕೆ ಅಂತ ಗೊತ್ತಾಗಬೇಕಾದರೆ ಈ ಪತ್ರದಲ್ಲಿರುವ ಮೊತ್ತವನ್ನು ಯಾರು, ಯಾವ ಲೆಕ್ಕದಲ್ಲಿ ನಿಗದಿ ಮಾಡುತ್ತಾರೆ ಅನ್ನುವುದನ್ನು ನೋಡಬೇಕು.

ಮೊದಲು ಸಿಕ್ಕಿಬೀಳುವುದು ಹೇಗೆ ಅಂತ ನೋಡೋಣ. ನಮ್ಮ ಹಾಸ್ಟೆಲ್ ದಿನಗಳಲ್ಲಿ ಸಿನಿಮಾ ಹಾರ್ಡ್ ಡಿಸ್ಕ್‌ನಲ್ಲಿ ರೂಮಿನಿಂದ ರೂಮಿಗೆ ಓಡಾಡುತ್ತಿತ್ತು. ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಟೊರೆಂಟ್ ಹಾಗಲ್ಲ. ಅಲ್ಲಿ ಪಂಕ್ತಿಯಲ್ಲಿ ಉಣ್ಣಲು ಕೂತವನೇ ಬಡಿಸುವವನೂ ಹೌದು. ಸಿನಿಮಾದ ಒಂದು ಚೂರು ನಿಮಗೆ ಬಂದ ತಕ್ಷಣ ಅದೇ ಚೂರನ್ನು ನಿಮ್ಮ ಕಂಪ್ಯೂಟರ್ ಇನ್ನೊಬ್ಬರಿಗೆ ಕಳಿಸುತ್ತದೆ, ಮತ್ತು ಹಾಗೆ ಕಳಿಸಬೇಕಾದರೆ ನಿಮ್ಮ ಐಪಿ ವಿಳಾಸ, ಅಂದರೆ ಇಂಟರ್ನೆಟ್ ಸಂಪರ್ಕದ ನಂಬರು, ಎದುರಿನವರಿಗೆ ಕಾಣಲೇಬೇಕು. ಗುಟ್ಟು ಅನ್ನುವುದು ಅಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಸಿನಿಮಾ ಕಂಪನಿಗಳು ಗೊತ್ತುಮಾಡಿದ ನಿಗಾ ಸಂಸ್ಥೆಗಳು ಏನನ್ನೂ ಹ್ಯಾಕ್ ಮಾಡಬೇಕಾಗಿಲ್ಲ. ಅವರೂ ಅದೇ ಪಂಕ್ತಿಯಲ್ಲಿ ಬಂದು ಕೂರುತ್ತಾರೆ, ನಿಮ್ಮ ಕೈಯಿಂದಲೇ ಒಂದು ಚೂರು ಹಾಕಿಸಿಕೊಳ್ಳುತ್ತಾರೆ, ವಿಳಾಸ ಮತ್ತು ಸಮಯ ಬರೆದುಕೊಳ್ಳುತ್ತಾರೆ.

ಕೇಸು ಮುಖ್ಯವಾಗಿ ಬೀಳುವುದು ಈ ಬಡಿಸುವ ಕೆಲಸಕ್ಕೆ. "ನಾನು ಬರೀ ನೋಡಿದೆ" ಅನ್ನುವ ಮಾತು ಕೆಲಸಕ್ಕೆ ಬಾರದಿರುವುದು ಇದಕ್ಕೇ. 2014ರಲ್ಲಿ ಪಾಪ್‌ಕಾರ್ನ್ ಟೈಮ್ ಅಂತ ಒಂದು ಆ್ಯಪ್ ಬಂತು. ನೋಡಲು ಥೇಟ್ ನೆಟ್‌ಫ್ಲಿಕ್ಸ್. ಪೋಸ್ಟರ್ ಒತ್ತಿದರೆ ಸಿನಿಮಾ ಓಡುತ್ತಿತ್ತು. ನಾವು ಡೌನ್‌ಲೋಡ್ ಮಾಡುತ್ತಿಲ್ಲವಲ್ಲ, ಸುಮ್ನೆ ನೋಡುತ್ತಿದ್ದೇವೆ ಅಂತ ಜನ ನೆಮ್ಮದಿಯಾಗಿದ್ದರು. ಒಳಗೆ ಓಡುತ್ತಿದ್ದದ್ದು ಮಾತ್ರ ಟೊರೆಂಟ್. ನೋಡುತ್ತಿರುವಾಗಲೇ ಹಂಚುತ್ತಲೂ ಇದ್ದರು. ಜರ್ಮನಿಯಲ್ಲಿ ಹಾಗೆ ನೋಡಿದವರಿಗೂ ಪತ್ರ ಬಂತು.

ಐಪಿ ವಿಳಾಸ ಸಿಕ್ಕರೆ ಮನುಷ್ಯ ಸಿಕ್ಕ ಹಾಗಲ್ಲ. ಆ ವಿಳಾಸ ಆ ಗಳಿಗೆಯಲ್ಲಿ ಯಾರ ಮನೆಯಲ್ಲಿತ್ತು ಅಂತ ಇಂಟರ್ನೆಟ್ ಕಂಪನಿ ಹೇಳಬೇಕು. ಜರ್ಮನಿಯಲ್ಲಿ ಇದಕ್ಕೆ ಕೋರ್ಟಿನಿಂದ ಆದೇಶ ತರುತ್ತಾರೆ. ಅಮೆರಿಕದಲ್ಲಿ ದಾರಿ ಇನ್ನೂ ವಿಚಿತ್ರ. ಮೊದಲು ಹೆಸರೇ ಇಲ್ಲದ "ಜಾನ್ ಡೋ" ಮೇಲೆ ಫೆಡರಲ್ ಕೋರ್ಟಿನಲ್ಲಿ ದಾವೆ ಹೂಡುತ್ತಾರೆ, ಆಮೇಲೆ ಈ ಡೋ ಯಾರು ಅಂತ ತಿಳಿಯಲು ಇಂಟರ್ನೆಟ್ ಕಂಪನಿಗೆ ಸಬ್‌ಪೀನಾ (ವಿವರ ಕೊಡಿ ಅನ್ನುವ ಕೋರ್ಟಿನ ಹುಕುಂ) ಕಳಿಸಲು ಅನುಮತಿ ಕೇಳುತ್ತಾರೆ. ಕಂಪನಿ ನಿಮಗೊಂದು ಪತ್ರ ಬರೆಯುತ್ತದೆ: ನಿಮ್ಮ ವಿವರ ಕೇಳಿದ್ದಾರೆ, ಇಂಥ ತಾರೀಕಿನೊಳಗೆ ನೀವು ಕೋರ್ಟಿಗೆ ಆಕ್ಷೇಪ ಸಲ್ಲಿಸದಿದ್ದರೆ ಕೊಟ್ಟುಬಿಡುತ್ತೇವೆ.

ಇನ್ನು ಅಸಲಿ ವಿಷಯ. ಅಮೆರಿಕದ ಕಾಪಿರೈಟ್ ಕಾನೂನಿನಲ್ಲಿ ನಷ್ಟ ಎಷ್ಟಾಯಿತು ಅಂತ ಸಿನಿಮಾದವರು ಸಾಬೀತು ಮಾಡಬೇಕಾಗಿಲ್ಲ. ಕಾನೂನೇ ದರಪಟ್ಟಿ ಹಾಕಿದೆ. ಒಂದು ಕೃತಿಗೆ ಕನಿಷ್ಠ 750 ಡಾಲರ್, ಗರಿಷ್ಠ 30,000. ಬೇಕಂತಲೇ ಮಾಡಿದ್ದು ಅಂತಾದರೆ 1,50,000 ಡಾಲರ್‌ವರೆಗೆ. ಸಿನಿಮಾ ಬಾಡಿಗೆಗೆ ತಂದು ನೋಡಿದ್ದರೆ ನಾಲ್ಕೈದು ಡಾಲರ್ ಆಗುತ್ತಿತ್ತು, ನೆನಪಿರಲಿ. ಕಾನೂನು ಮಾಡಿದವರ ತಲೆಯಲ್ಲಿ ಕದ್ದು ಮಾರುವ ದಂಧೆಕೋರರು ಇದ್ದಿರಬಹುದು. ಆದರೆ ಅದೇ ದರಪಟ್ಟಿ ಸೋಫಾ ಮೇಲೆ ಕೂತು ಸಿನಿಮಾ ಇಳಿಸಿಕೊಂಡವನಿಗೂ ಅನ್ವಯ.

ಈಗ ವಕೀಲರ ಲೆಕ್ಕ ನೋಡಿ. ಪತ್ರದಲ್ಲಿ 1,50,000 ಅಂತ ಬರೆದು ಎದೆ ನಡುಗಿಸುತ್ತಾರೆ. ಕೊನೆಗೆ ಕೆಲವು ಸಾವಿರ ಡಾಲರ್ ಕೊಟ್ಟರೆ ಮುಗಿಸೋಣ ಅನ್ನುತ್ತಾರೆ. ನೀವು ನಿರಪರಾಧಿಯೇ ಆಗಿದ್ದರೂ ವಕೀಲರನ್ನಿಟ್ಟು ಕೊನೆಯವರೆಗೂ ಹೋರಾಡಿದರೆ ಅದರ ಹಲವು ಪಟ್ಟು ಖರ್ಚು. ಅಂದರೆ ಕೇಳುವ ಮೊತ್ತಕ್ಕೂ ಸಿನಿಮಾಕ್ಕೆ ಆದ ನಷ್ಟಕ್ಕೂ ಸಂಬಂಧವೇ ಇಲ್ಲ. ನಿಮ್ಮ ವಕೀಲರ ಫೀಜಿಗಿಂತ ಸ್ವಲ್ಪ ಕಡಿಮೆ ಇರಬೇಕು, ಅಷ್ಟೇ ಲೆಕ್ಕ. ಸಂತೆಯಲ್ಲಿ ಎಮ್ಮೆ ವ್ಯಾಪಾರಕ್ಕೂ ಇದಕ್ಕಿಂತ ಜಾಸ್ತಿ ನಿಯತ್ತು ಇರುತ್ತದೆ.

ಈ ಲೆಕ್ಕವನ್ನು ದೊಡ್ಡದಾಗಿ ಮಾಡಿ ತೋರಿಸಿದ್ದು 'ದಿ ಹರ್ಟ್ ಲಾಕರ್' ಸಿನಿಮಾದ ಕೇಸು. 2010ರಲ್ಲಿ ಅದಕ್ಕೆ ಆಸ್ಕರ್ ಬಂತು, ಅದೇ ವರ್ಷ ಅದರ ನಿರ್ಮಾಪಕರಾದ ವೋಲ್ಟೇಜ್ ಪಿಕ್ಚರ್ಸ್ 5,000 ಜಾನ್ ಡೋಗಳ ಮೇಲೆ ಕೇಸು ಹಾಕಿತು. ಮಾರನೆಯ ವರ್ಷ ಆ ಸಂಖ್ಯೆ 24,583ಕ್ಕೆ ಏರಿತು. ಒಂದೇ ಕೇಸಿನಲ್ಲಿ ಇಷ್ಟು ಜನ! ಇವರನ್ನೆಲ್ಲ ಒಬ್ಬೊಬ್ಬರಾಗಿ ವಿಚಾರಣೆ ಮಾಡುವ ಉದ್ದೇಶ ಯಾರಿಗಾದರೂ ಇದ್ದೀತಾ? ಹತ್ತರಲ್ಲಿ ಒಬ್ಬರು ರಾಜಿಗೆ ಬಂದರೂ ಸಾಕಿತ್ತು.

ಇದಕ್ಕಿಂತ ನಾಚಿಕೆಗೇಡಿನದು ಪ್ರೆಂಡಾ ಲಾ ಎಂಬ ವಕೀಲರ ಸಂಸ್ಥೆಯ ಕತೆ. ಪಾಲ್ ಹ್ಯಾನ್ಸ್‌ಮೈಯರ್ ಮತ್ತು ಜಾನ್ ಸ್ಟೀಲ್ ಎಂಬ ಇಬ್ಬರು ವಕೀಲರು ವಯಸ್ಕರ ಚಿತ್ರಗಳನ್ನು ಹಿಡಿದುಕೊಂಡು ಜನರ ಮೇಲೆ ಕೇಸು ಹಾಕುತ್ತಾ ಹೋದರು. ಈ ಬಗೆಯ ಚಿತ್ರಗಳಲ್ಲಿ ಒಂದು ಅನುಕೂಲ ಇದೆ. ಹೆಂಡತಿಗೆ, ಮಾವನಿಗೆ, ಆಫೀಸಿನವರಿಗೆ ಗೊತ್ತಾದೀತು ಅನ್ನುವ ನಾಚಿಕೆಯಿಂದ ಜನ ತುಟಿ ಪಿಟಕ್ಕೆನ್ನದೆ ದುಡ್ಡು ಕಟ್ಟುತ್ತಾರೆ. ಬರಬರುತ್ತಾ ಗಿರಾಕಿ ಸಾಲದೆ ಹೋಯಿತೋ ಏನೋ, ಚಿತ್ರಗಳನ್ನು ಇವರೇ ಟೊರೆಂಟ್ ತಾಣಕ್ಕೆ ಹಾಕಿ, ಯಾರು ಇಳಿಸಿಕೊಳ್ಳುತ್ತಾರೆ ಅಂತ ಕಾದು, ಅವರ ಮೇಲೆ ಕೇಸು ಹಾಕಲು ಶುರುಮಾಡಿದರು. ತಾವೇ ಗಾಳ ಹಾಕಿ, ಮೀನು ನಮ್ಮ ಎರೆಹುಳ ಕದ್ದಿತು ಅಂತ ದೂರು! 2013ರಲ್ಲಿ ಲಾಸ್ ಏಂಜಲೀಸಿನ ನ್ಯಾಯಾಧೀಶ ಓಟಿಸ್ ರೈಟ್ ಇವರ ಬಣ್ಣ ಬಯಲು ಮಾಡಿ ಸರ್ಕಾರಿ ವಕೀಲರಿಗೆ ವರದಿ ಒಪ್ಪಿಸಿದರು. ಕೊನೆಗೆ 2019ರಲ್ಲಿ ಹ್ಯಾನ್ಸ್‌ಮೈಯರ್‌ಗೆ 14 ವರ್ಷ, ಸ್ಟೀಲ್‌ಗೆ 5 ವರ್ಷ ಜೈಲಾಯಿತು.

ಅವರು ಹೋದ ಮಾತ್ರಕ್ಕೆ ವ್ಯಾಪಾರ ನಿಲ್ಲಲಿಲ್ಲ. ಈಗ ಸ್ಟ್ರೈಕ್ 3 ಹೋಲ್ಡಿಂಗ್ಸ್ ಎಂಬ ವಯಸ್ಕರ ಚಿತ್ರಗಳ ಕಂಪನಿ ವರ್ಷಕ್ಕೆ ಸಾವಿರಗಟ್ಟಲೆ ಕೇಸು ಹಾಕುತ್ತದೆ. ಅದು ಪ್ರೆಂಡಾ ತರಹ ಮೋಸ ಮಾಡುತ್ತಿಲ್ಲ, ಚಿತ್ರಗಳು ನಿಜಕ್ಕೂ ಅದರವೇ, ಕಾನೂನಿನ ಒಳಗೇ ಇದೆ. ಆದರೂ 2018ರಲ್ಲಿ ವಾಷಿಂಗ್ಟನ್ನಿನ ನ್ಯಾಯಾಧೀಶ ರಾಯ್ಸ್ ಲ್ಯಾಂಬರ್ತ್, ಈ ಕಂಪನಿ ಕೋರ್ಟನ್ನು ಎಟಿಎಂ ಹಾಗೆ ಬಳಸುತ್ತಿದೆ ಅಂತ ಸಿಟ್ಟಿನಿಂದ ಬರೆದು ಕೇಸನ್ನೇ ವಜಾ ಮಾಡಿದರು. 2020ರಲ್ಲಿ ಮೇಲಿನ ಕೋರ್ಟು ಆ ಆದೇಶವನ್ನು ರದ್ದು ಮಾಡಿತು. ನ್ಯಾಯಾಧೀಶರಿಗೆ ಬೇಸರ ಬಂದರೆ ಸಾಲದು, ದರಪಟ್ಟಿ ಕಾನೂನಿನಲ್ಲೇ ಇದೆಯಲ್ಲ.

ಹಾಗಂತ ಆರೋಪಿಯ ಕೈಯಲ್ಲಿ ಏನೂ ಇಲ್ಲ ಅಂತಲ್ಲ. ಒರೆಗಾನ್ ರಾಜ್ಯದಲ್ಲಿ, ಒಂಟಿಯಾಗಿ ಇರಲಾಗದ ದೊಡ್ಡವರನ್ನು ನೋಡಿಕೊಳ್ಳುವ ಆರೈಕೆ ಮನೆ ನಡೆಸುತ್ತಿದ್ದ ಒಬ್ಬರ ಮೇಲೆ 'ದಿ ಕಾಬ್ಲರ್' ಸಿನಿಮಾದವರು ಕೇಸು ಹಾಕಿದ್ದರು. ಅಲ್ಲಿನ ವೈಫೈಯನ್ನು ಮನೆಯಲ್ಲಿದ್ದವರು, ನೋಡಲು ಬಂದುಹೋಗುವವರು ಎಲ್ಲರೂ ಬಳಸುತ್ತಿದ್ದರು. ಸಂಪರ್ಕ ಯಾರ ಹೆಸರಿನಲ್ಲಿದೆ ಅನ್ನುವುದರ ಆಧಾರದಲ್ಲೇ ಇವನೇ ಕಳ್ಳ ಅನ್ನಲಾಗದು ಅಂತ 2018ರಲ್ಲಿ ಅಲ್ಲಿನ ಮೇಲ್ಮನವಿ ಕೋರ್ಟಾದ ಒಂಬತ್ತನೇ ಸರ್ಕ್ಯೂಟ್ ಕೋರ್ಟು ತೀರ್ಪು ಕೊಟ್ಟಿತು. ಸಾಲದ್ದಕ್ಕೆ ಅವರ ವಕೀಲರ ಖರ್ಚು 17,222 ಡಾಲರನ್ನು ಸಿನಿಮಾದವರೇ ತೆರಬೇಕಾಯಿತು.

ದರ ಇಲ್ಲದಿದ್ದರೆ ಈ ವ್ಯಾಪಾರ ಏನಾಗುತ್ತದೆ ಅನ್ನುವುದಕ್ಕೆ ಆಸ್ಟ್ರೇಲಿಯಾ ಒಳ್ಳೇ ಉದಾಹರಣೆ. 'ಡಲ್ಲಾಸ್ ಬಯರ್ಸ್ ಕ್ಲಬ್' ಸಿನಿಮಾದವರು ಐಐನೆಟ್ ಮೊದಲಾದ ಇಂಟರ್ನೆಟ್ ಕಂಪನಿಗಳ 4,726 ಐಪಿ ವಿಳಾಸಗಳ ವಿವರ ಕೇಳಿದರು. 2015ರ ಏಪ್ರಿಲ್‌ನಲ್ಲಿ ನ್ಯಾಯಮೂರ್ತಿ ಪೆರಂ ಕೊಡಿ ಅಂದರು, ಆದರೆ ಗ್ರಾಹಕರಿಗೆ ಏನಂತ ಪತ್ರ ಬರೆಯುತ್ತೀರೋ ಮೊದಲು ನನಗೆ ತೋರಿಸಿ ಅಂದರು. ತೋರಿಸಿದರು. ಅವರು ಕೇಳಬೇಕೆಂದಿದ್ದ ಬಾಬತ್ತುಗಳನ್ನು ನೋಡಿ ಆಗಸ್ಟ್‌ನಲ್ಲಿ ಹೊಸ ಷರತ್ತು ಹಾಕಿದರು: ಸಿನಿಮಾದ ಬೆಲೆ ಮತ್ತು ಕೋರ್ಟ್ ಖರ್ಚಿನ ಪಾಲು, ಇಷ್ಟೇ ಕೇಳಬೇಕು, ಅದಕ್ಕೂ ಮುಂಚೆ 6 ಲಕ್ಷ ಆಸ್ಟ್ರೇಲಿಯನ್ ಡಾಲರ್ ಠೇವಣಿ ಇಡಬೇಕು. ಕಂಪನಿ 2016ರ ಫೆಬ್ರುವರಿಯಲ್ಲಿ ಕೇಸು ಬಿಟ್ಟು ಎದ್ದುಹೋಯಿತು. ಅಪರಾಧ ಅಷ್ಟೇ ಇತ್ತು, ಸಾಕ್ಷಿಯೂ ಅಷ್ಟೇ ಇತ್ತು. ಗಿಟ್ಟದೇ ಹೋಯಿತು.

ನಮ್ಮಲ್ಲಿ ಇಂಥ ಪತ್ರ ಯಾಕೆ ಬರುವುದಿಲ್ಲ ಅಂತ ಕೇಳುವವರಿಗೂ ಉತ್ತರ ಇಲ್ಲೇ ಇದೆ. ಭಾರತದಲ್ಲಿ ಕಾನೂನು ಮೆತ್ತಗೇನೂ ಇಲ್ಲ. 1957ರ ಕಾಪಿರೈಟ್ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ 6 ತಿಂಗಳಿಂದ 3 ವರ್ಷ ಜೈಲು, 50,000ದಿಂದ 2 ಲಕ್ಷ ರೂಪಾಯಿ ದಂಡ. ಇದು ಜಾಮೀನು ಹಕ್ಕಾಗಿ ಸಿಗದ ಅಪರಾಧ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಥಿಯೇಟರಿನಲ್ಲಿ ಕ್ಯಾಮೆರಾ ಇಟ್ಟು ಕದಿಯುವವರಿಗೆ 2023ರ ಸಿನಿಮಾಟೋಗ್ರಾಫ್ ತಿದ್ದುಪಡಿಯಲ್ಲಿ ದಂಡ 3 ಲಕ್ಷದಿಂದ ಶುರುವಾಗಿ ಚಿತ್ರದ ನಿರ್ಮಾಣ ವೆಚ್ಚದ ಶೇ 5ರವರೆಗೂ ಹೋಗುತ್ತದೆ. ಕರ್ನಾಟಕದಲ್ಲಂತೂ ವಿಡಿಯೊ ಪೈರಸಿಯವರು ಗೂಂಡಾ ಕಾಯ್ದೆಯೊಳಗೇ ಇದ್ದಾರೆ, ಕಳ್ಳಭಟ್ಟಿಯವರ ಮತ್ತು ಭೂಗಳ್ಳರ ಪಕ್ಕದಲ್ಲಿ. 2014ರಲ್ಲಿ ಡಿಜಿಟಲ್ ಅಪರಾಧಿಗಳನ್ನೂ ಅದಕ್ಕೆ ಸೇರಿಸಿದರು. ವಿಚಾರಣೆ ಇಲ್ಲದೆ ಒಂದು ವರ್ಷದವರೆಗೂ ಒಳಗಿಡಬಹುದಾದ ಕಾಯ್ದೆ ಅದು.

ಇಷ್ಟೆಲ್ಲ ಇದ್ದೂ ನೋಡುಗನ ಮನೆಗೆ ವಕೀಲರ ಪತ್ರ ಬರುವುದಿಲ್ಲ, ಯಾಕೆಂದರೆ ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ 750 ಡಾಲರ್ ತರಹದ ಕನಿಷ್ಠ ಪರಿಹಾರ ಇಲ್ಲ. ಎಷ್ಟು ನಷ್ಟವಾಯಿತು ಅಂತ ತೋರಿಸಬೇಕು. ಒಬ್ಬ ಹುಡುಗ ಸಿನಿಮಾ ಇಳಿಸಿಕೊಂಡಿದ್ದರಿಂದ ಆದ ನಷ್ಟ ಒಂದು ಟಿಕೆಟ್ ಬೆಲೆ. ಅದಕ್ಕೆ ಹತ್ತು ವರ್ಷ ಸಿವಿಲ್ ಕೋರ್ಟಿಗೆ ಅಲೆಯುವ ನಿರ್ಮಾಪಕ ಎಲ್ಲಿದ್ದಾನೆ? ಅದರ ಮೇಲೆ, ನಮ್ಮ ಮೊಬೈಲ್ ನೆಟ್‌ವರ್ಕ್‌ಗಳಲ್ಲಿ ಒಂದೇ ಐಪಿ ವಿಳಾಸದ ಹಿಂದೆ ನೂರಾರು ಜನ ಇರುತ್ತಾರೆ. ಹಾಗಾಗಿ ಇಲ್ಲಿನವರು ಜನರನ್ನು ಬಿಟ್ಟು ಜಾಲತಾಣಗಳ ಹಿಂದೆ ಬಿದ್ದರು. ಸಿನಿಮಾ ಬಿಡುಗಡೆಗೆ ಮುಂಚೆ ಹೈಕೋರ್ಟಿಗೆ ಹೋಗಿ ಜಾನ್ ಡೋ ಆದೇಶ ತರುತ್ತಾರೆ. ನಮ್ಮಲ್ಲಿ ಆ ಡೋಗೆ ಅಶೋಕ್ ಕುಮಾರ್ ಅಂತ ದೇಸಿ ಹೆಸರೂ ಇದೆ. ಒಂದು ತಾಣ ಮುಚ್ಚಿದರೆ ಹತ್ತು ಹುಟ್ಟುತ್ತವೆ ಅಂತಾದಾಗ, 2019ರಲ್ಲಿ ದೆಹಲಿ ಹೈಕೋರ್ಟ್ ಹೊಸ ಹೆಸರಿನಲ್ಲಿ ಬರುವ ನಕಲಿ ತಾಣಗಳನ್ನೂ ಅದೇ ಆದೇಶದಲ್ಲಿ ಮುಚ್ಚಿಸಲು ದಾರಿ ಮಾಡಿತು. ನೋಡಿದರೆ ಮೂರು ವರ್ಷ ಜೈಲು ಅಂತ ಹೆದರಿಸುವ ಸೂಚನೆಯೊಂದು ಕೆಲ ವರ್ಷಗಳ ಹಿಂದೆ ಬ್ಲಾಕ್ ಆದ ತಾಣಗಳಲ್ಲಿ ಕಾಣುತ್ತಿತ್ತು, ನೆನಪಿದೆಯಾ? ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿ ಗೌತಮ್ ಪಟೇಲ್ 2016ರಲ್ಲೇ ಅದನ್ನು ತಿದ್ದಿದರು. ಅಪರಾಧ ಇರುವುದು ನೋಡುವುದರಲ್ಲಲ್ಲ, ಅನುಮತಿ ಇಲ್ಲದೆ ಹಂಚುವುದರಲ್ಲಿ, ಪ್ರದರ್ಶಿಸುವುದರಲ್ಲಿ, ಮಾರುವುದರಲ್ಲಿ, ಬಾಡಿಗೆ ಕೊಡುವುದರಲ್ಲಿ ಅಂತ.

ಊರಲ್ಲಿ ಹೀಗೆ ಬೆಳೆದ ಅಭ್ಯಾಸವೇ ಹೊರದೇಶದಲ್ಲಿ ಕಾಲಿಗೆ ಸುತ್ತಿಕೊಳ್ಳುತ್ತದೆ. ಅಮೆರಿಕದಲ್ಲಿರುವ ಕೆಲವರು ಒಂದು ಧೈರ್ಯ ಹೇಳಿಕೊಳ್ಳುತ್ತಾರೆ: ಕನ್ನಡ ಸಿನಿಮಾ ಇಳಿಸಿಕೊಂಡರೆ ಯಾರೂ ಕೇಳುವುದಿಲ್ಲ. ಅದು ಬಹುಮಟ್ಟಿಗೆ ನಿಜವೇ, ಆದರೆ ಕಾರಣ ಅವರು ಅಂದುಕೊಂಡದ್ದಲ್ಲ. ಆ ಕಾನೂನಿನ ದರಪಟ್ಟಿ ಬೇಕಾದರೆ ಚಿತ್ರವನ್ನು ಅಮೆರಿಕದ ಕಾಪಿರೈಟ್ ಕಚೇರಿಯಲ್ಲಿ ಸಮಯಕ್ಕೆ ಸರಿಯಾಗಿ ನೋಂದಾಯಿಸಿರಬೇಕು. ಗಾಂಧಿನಗರದ ಎಷ್ಟು ನಿರ್ಮಾಪಕರು ಆ ಕೆಲಸಕ್ಕೆ ಕೈಹಾಕುತ್ತಾರೆ ಹೇಳಿ. ನೋಂದಣಿ ಇಲ್ಲ, ಹಾಗಾಗಿ ದರ ಇಲ್ಲ, ಹಾಗಾಗಿ ಪತ್ರ ಇಲ್ಲ. ಕಷ್ಟಪಟ್ಟು ಸಿನಿಮಾ ಮಾಡಿದವರ ದುಡ್ಡು ಮಾತ್ರ ಹೋಗುತ್ತದೆ, ಆಸ್ಕರ್ ಬಂದ ಕಂಪನಿಗೆ ವಕೀಲರಿರುತ್ತಾರೆ.

ಸರಿ, ಪತ್ರ ಬಂದೇ ಬಿಟ್ಟಿದೆ. ನಾನು ವಕೀಲನಲ್ಲ, ಆದರೆ ಜನ ಎಲ್ಲಿ ಎಡವುತ್ತಾರೆ ಅನ್ನುವುದು ಸ್ಪಷ್ಟವಾಗಿದೆ. ಮೊದಲ ಎಡವಟ್ಟು, ಗಾಬರಿಯಲ್ಲಿ ಎದುರು ಪಕ್ಷದ ವಕೀಲರಿಗೇ ಫೋನ್ ಮಾಡಿ "ಸಾರಿ ಸರ್, ಗೊತ್ತಿಲ್ಲದೆ ಆಯ್ತು" ಅನ್ನುವುದು. ಅದು ತಪ್ಪೊಪ್ಪಿಗೆ. ಅವರು ಬರೆದುಕೊಳ್ಳುತ್ತಾರೆ. ಎರಡನೆಯದು, ರಾತ್ರೋರಾತ್ರಿ ಹಾರ್ಡ್ ಡಿಸ್ಕ್ ಒರೆಸಿಹಾಕುವುದು. ಅಮೆರಿಕದಲ್ಲಿ ಕೇಸು ಗೊತ್ತಾದ ಮೇಲೆ ಸಾಕ್ಷ್ಯ ಅಳಿಸಿದರೆ ಮೂಲ ತಪ್ಪಿಗಿಂತ ಅದೇ ದೊಡ್ಡದಾಗುತ್ತದೆ. ಇನ್ನು, ಪತ್ರ ಅಸಲಿಯೋ ಅಂತ ನೋಡುವುದು ಬಿಟ್ಟು ಲಿಂಕ್ ಒತ್ತುವವರೂ ಇದ್ದಾರೆ. ಈ ಹೆದರಿಕೆಯನ್ನೇ ಬಂಡವಾಳ ಮಾಡಿಕೊಂಡ ಖದೀಮರ ಇಮೇಲ್‌ಗಳೂ ಓಡಾಡುತ್ತವೆ.

ಜರ್ಮನಿಯಲ್ಲಿ ಬಿಲ್ಲಿಗಿಂತ ಅಪಾಯಕಾರಿ ಅದರ ಜೊತೆಗಿರುವ ಮುಚ್ಚಳಿಕೆ. ಇನ್ನೊಮ್ಮೆ ಹೀಗೆ ಮಾಡುವುದಿಲ್ಲ, ಮಾಡಿದರೆ ಇಷ್ಟು ದಂಡ ಕೊಡುತ್ತೇನೆ ಅಂತ ಅವರೇ ಬರೆದು ಕಳಿಸಿರುತ್ತಾರೆ. ಸಹಿ ಹಾಕಿದರೆ ವರ್ಷಗಟ್ಟಲೆ ಅದಕ್ಕೆ ಕಟ್ಟುಬಿದ್ದ ಹಾಗೆ, ಮತ್ತೊಮ್ಮೆ ಎಡವಿದರೆ ಸಾವಿರಾರು ಯೂರೋ. ವಕೀಲರು ಇದನ್ನು ತಿದ್ದಿ, ತಪ್ಪು ಒಪ್ಪಿಕೊಳ್ಳದ ಹಾಗೆ ಬೇರೆ ಮುಚ್ಚಳಿಕೆ ಬರೆದು ಕೊಡುತ್ತಾರೆ. ಎಷ್ಟೋ ವಿಶ್ವವಿದ್ಯಾಲಯಗಳ ವಿದ್ಯಾರ್ಥಿ ಸಂಘಗಳಲ್ಲಿ ಕಾನೂನು ಸಲಹೆ ಪುಕ್ಕಟೆ ಸಿಗುತ್ತದೆ, ಗ್ರಾಹಕ ಸಲಹಾ ಕೇಂದ್ರಗಳಲ್ಲೂ ಕಡಿಮೆ ಖರ್ಚಿಗೆ ಸಿಗುತ್ತದೆ. ಕಸದ ಬುಟ್ಟಿಗೆ ಹಾಕಿದವರಿಗೆ ತಿಂಗಳುಗಳೋ ವರ್ಷಗಳೋ ಕಳೆದು ಕೋರ್ಟಿನಿಂದ ಹಳದಿ ಲಕೋಟೆ ಬರಬಹುದು. ಅದಕ್ಕೆ ಎರಡು ವಾರದೊಳಗೆ ಆಕ್ಷೇಪ ಸಲ್ಲಿಸಲೇಬೇಕು. ಅಮೆರಿಕದಲ್ಲೂ ಸಮನ್ಸ್ ಕೈಗೆ ಬಂದ ಮೇಲೆ 21 ದಿನದಲ್ಲಿ ಉತ್ತರ ಕೊಡಬೇಕು, ಇಲ್ಲದಿದ್ದರೆ ಏಕಪಕ್ಷೀಯ ತೀರ್ಪು. ದೂರಿನಲ್ಲಿ 30 ಚಿತ್ರಗಳಿದ್ದರೆ ಕನಿಷ್ಠ ದರದಲ್ಲೇ 22,500 ಡಾಲರ್ ಆಯಿತು. ಹೆದರಿ ಕಟ್ಟಿದ್ದರೂ ಇಷ್ಟಾಗುತ್ತಿರಲಿಲ್ಲವೇನೋ. ಒಂದು ಸಮಾಧಾನ, ಇದು ಸಿವಿಲ್ ದಾವೆ. ಪೊಲೀಸರು ಬಾಗಿಲು ಬಡಿಯುವುದಿಲ್ಲ.

ಮನೆಯಲ್ಲಿ ನಾಲ್ಕು ಜನ ಇದ್ದರೆ ಯಾರನ್ನು ಹಿಡಿಯಬೇಕು? ಜರ್ಮನಿಯ ಕೋರ್ಟುಗಳು ಇದರಲ್ಲೇ ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿವೆ. ಮನೆಯ ವಯಸ್ಕರು ಏನು ಮಾಡುತ್ತಾರೆ ಅಂತ ಕಾರಣವಿಲ್ಲದೆ ಕಾಯುವುದು ಯಜಮಾನನ ಕೆಲಸವಲ್ಲ ಅಂತ 2014ರಲ್ಲಿ ಅಲ್ಲಿನ ದೊಡ್ಡ ಕೋರ್ಟು ಹೇಳಿತು. 2017ರಲ್ಲಿ ಬಂದದ್ದು ಬೇರೆ ಬಗೆಯ ಕೇಸು. ರಿಹಾನಾಳ ಒಂದು ಆಲ್ಬಂ ಹಂಚಿದ್ದು ಮೂರು ಮಕ್ಕಳಲ್ಲಿ ಯಾರು ಅಂತ ಅಪ್ಪ ಅಮ್ಮನಿಗೆ ಗೊತ್ತಿತ್ತು, ಆದರೆ ಹೆಸರು ಹೇಳಲ್ಲ ಅಂದರು. ಹೇಳಬೇಡಿ, ಹಾಗಾದರೆ ನೀವೇ ಕಟ್ಟಿ ಅಂದಿತು ಕೋರ್ಟು. ಮೂರೂವರೆ ಸಾವಿರ ಯೂರೋಗೂ ಜಾಸ್ತಿ ಬಿತ್ತು. ಮಕ್ಕಳನ್ನು ಬಿಟ್ಟುಕೊಡದ ಹೆತ್ತವರಿಗೇ ಹೀಗಾದರೆ, ಮೂರು ತಿಂಗಳ ಹಿಂದೆ ಪರಿಚಯವಾದ ರೂಮ್‌ಮೇಟ್ ನಿಮ್ಮ ಹೆಸರು ಹೇಳದೆ ಇರುತ್ತಾನಾ?

ಈಗ ಇದೇ ಪ್ರಶ್ನೆ ಬಹಳ ದೊಡ್ಡವರ ಮನೆಗೂ ಹೋಗಿದೆ. 2025ರ ಜುಲೈನಲ್ಲಿ ಅದೇ ಸ್ಟ್ರೈಕ್ 3 ಕಂಪನಿ ಫೇಸ್‌ಬುಕ್‌ನ ಒಡೆಯ ಮೆಟಾ ಮೇಲೆ ಕೇಸು ಹಾಕಿತು. ಮೆಟಾದ ಐಪಿ ವಿಳಾಸಗಳಿಂದ ತನ್ನ 2,396 ಚಿತ್ರಗಳು ಟೊರೆಂಟ್‌ನಲ್ಲಿ ಇಳಿದಿವೆ, ಕೃತಕ ಬುದ್ಧಿಮತ್ತೆಗೆ ಪಾಠ ಹೇಳಿಕೊಡಲು ಬಳಸಿದ್ದಾರೆ ಅನ್ನುವುದು ಅದರ ಆರೋಪ. ಗರಿಷ್ಠ ದರದಲ್ಲಿ ಗುಣಿಸಿ ನೋಡಿ, 35 ಕೋಟಿ 94 ಲಕ್ಷ ಡಾಲರ್. ಜಗತ್ತಿನ ದುಬಾರಿ ವಕೀಲರನ್ನಿಟ್ಟುಕೊಂಡ ಮೆಟಾ ಕೋರ್ಟಿಗೆ ಕೊಟ್ಟ ಉತ್ತರ ಏನು ಗೊತ್ತಾ? ನಮ್ಮ ನೆಟ್‌ವರ್ಕ್ ಬಳಸುವವರು ಬಹಳ ಜನ, ಉದ್ಯೋಗಿಗಳು, ಗುತ್ತಿಗೆಯವರು, ಬಂದುಹೋಗುವ ಅತಿಥಿಗಳು, ಯಾರೋ ತಮ್ಮ ಸ್ವಂತಕ್ಕೆ ಇಳಿಸಿಕೊಂಡಿರಬಹುದು. ಒರೆಗಾನ್‌ನ ಆರೈಕೆ ಮನೆಯವರು ಹೇಳಿದ್ದೂ ಇದನ್ನೇ.